ಅರವತ್ತು ಮಂದಿಯ ಹಿಟ್ಟು

ನನ್ನ ಮೊಮ್ಮಗಳು ಈ ಬೇಸಿಗೆಯಲ್ಲಿ ಹನ್ನೆರಡು ದಿನ ನನ್ನ ಹತ್ತಿರ ಇದ್ದಳು. ಹನ್ನೆರಡು ಇಡೀ ದಿನ. ಇದನ್ನು ಇನ್ನು ಯಾರಿಗೆ ಹೇಳಲಿ ಎಂದೇ ಗೊತ್ತಾಗುವುದಿಲ್ಲ. ಕೆಳಗಿನ ವಾಡಿಯ, ಅಂದರೆ ಸಣ್ಣ ಹಳ್ಳಿಯ, ಮಾವಶಿಗೆ ಹೇಳಿ ಆಯಿತು. ಅವಳ ಎಮ್ಮೆಗೂ ಹೇಳಿ ಆಯಿತು. ಜೀಪಿನ ಡ್ರೈವರನಿಗೆ ಎರಡು ಸಲ ಹೇಳಿದೆ, ಮೂರನೇ ಸಲ ಬಾಯಿ ತೆರೆದಾಗ ಅವನು ರೇಡಿಯೋ ದೊಡ್ಡದು ಮಾಡಿದ. ಈಗ ಮಳೆ ಹಿಡಿದು ಐದು ದಿನ ಆಯಿತು. ಮಂಜು ಬಾಗಿಲ ತನಕ ಬಂದು ಒಳಗೆ ಬರಲೋ ಬೇಡವೋ ಅಂತ ನಿಂತಿದೆ. ಜೀಪೂ ಇಲ್ಲ, ಡ್ರೈವರನೂ ಇಲ್ಲ. ಬರೆಯುವುದೇ ಸೈ.

ನಾನು ದೋಸೆ ಹೊಯ್ಯುವವನು. ಕುಂದಾಪುರದ ಹತ್ತಿರದ ಊರಿನಿಂದ ಐದನೇ ಕ್ಲಾಸು ಮುಗಿಸಿ ಪುಣೆಗೆ ಬಂದವನು, ಕೆಲವು ವರ್ಷ ಲೋಟ ತೊಳೆದು, ಆಮೇಲೆ ಒಂದೇ ಹೋಟೆಲಿನಲ್ಲಿ ಒಂದೇ ಕಾವಲಿಯ ಮುಂದೆ ನಲವತ್ತು ವರ್ಷಕ್ಕೂ ಮೇಲೆ ನಿಂತೆ. ನನಗೆ ಪುಣೆ ಎಂದರೆ ಆ ಕಾವಲಿ. ಎದುರಿನ ಕಿಟಕಿಯಲ್ಲಿ ಕಾಣುವಷ್ಟು ರಸ್ತೆ. ಹೊರಗೆ ಮಳೆ ಬಂತು ಎಂದು ನನಗೆ ಗೊತ್ತಾಗುತ್ತಿದ್ದದ್ದು ಈರುಳ್ಳಿ ಬಜೆಗೆ ಒಮ್ಮೆಲೇ ಕೂಗು ಬಂದಾಗ. ಚಳಿಗಾಲ ಎಂದರೆ ಗಿರಾಕಿಗಳ ಸ್ವೆಟರು. ಬೇರೆ ಕಾಲ ನನ್ನ ಹತ್ತಿರ ಬರುತ್ತಿರಲಿಲ್ಲ. ಕಾವಲಿಯ ಮುಂದೆ ಹನ್ನೆರಡು ತಿಂಗಳೂ ವೈಶಾಖವೇ.

ಹೋಟೆಲಿನ ಕಟ್ಟಡ ಕೆಡವಲಿಕ್ಕೆ ಕೊಟ್ಟರು. ಧಣಿಗಳು ನನ್ನನ್ನು ಕರೆದು, ಪುಣೆಯಿಂದ ಆಚೆ ವೆಲ್ಹೆ ಕಡೆಯ ಬೆಟ್ಟದ ಮೇಲೆ ನನ್ನದೊಂದು ಜಾಗ ಉಂಟು, ಎರಡು ಕೋಣೆಯ ತಗಡಿನ ಮನೆ ಉಂಟು, ನೀನು ಇರುವಷ್ಟು ಕಾಲ ಅಲ್ಲಿ ಇರು, ಮಾವಿನ ಗಿಡಕ್ಕೆ ನೀರು ಹಾಕು ಅಂದರು. ಹೋಟೆಲಿನಿಂದ ನಿನಗೆ ಎಂತ ಬೇಕು ಎಂದೂ ಕೇಳಿದರು. ನಾನು ಕಾವಲಿ ಕೇಳಿದೆ. ಅವರು, ತಗೊಂಡು ಹೋಗು ಮಾರಾಯ, ಅದರ ಜೊತೆ ಚಿಕ್ಕ ಗ್ರೈಂಡರೂ ತಗೊಂಡು ಹೋಗು ಅಂದರು. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ದೊಡ್ಡ ಕಬ್ಬಿಣ ಅದು. ಜೀಪು ನಿಲ್ಲುವ ಕಡೆಯಿಂದ ಮನೆಯ ತನಕ ಅರ್ಧ ಗಂಟೆಯ ಏರು. ವಾಡಿಯ ನಾಲ್ಕು ಜನ ಬಿದಿರಿಗೆ ಕಟ್ಟಿ, ಹೊತ್ತು ತಂದರು. ಎದುರಿಗೆ ಸಿಕ್ಕಿದ ಮುದುಕಿಯೊಬ್ಬಳು ಹೆಣ ಅಂತ ತಿಳಿದು ಕೈ ಮುಗಿದಳಂತೆ. ಆ ಮುದುಕಿಯೇ ಮಾವಶಿ, ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಈ ಬೆಟ್ಟದಲ್ಲಿ ನನಗಿರುವ ನೆರೆಕರೆ ಎಂದರೆ ಅವಳು, ಅವಳ ಸೊಸೆ, ಅವಳ ಎಮ್ಮೆ.

ಬೆಟ್ಟಕ್ಕೆ ಬರುವ ಮೊದಲು ಎರಡು ತಿಂಗಳು ಪುಣೆಯ ವಾಕಡದಲ್ಲಿ ಮಗಳ ಮನೆಯಲ್ಲಿ ಇದ್ದೆ. ಅಳಿಯ ಚಾಕಣದಲ್ಲಿ ಮೋಟಾರಿನ ಭಾಗ ಮಾಡುವ ಕಾರ್ಖಾನೆಯಲ್ಲಿ ಇದ್ದಾನೆ, ಒಳ್ಳೆಯ ಮನುಷ್ಯ. ಮಗಳು ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಹನ್ನೊಂದನೇ ಮಾಳಿಗೆ. ಅವರು ಎಲ್ಲರೂ ಹೊರಗೆ ಹೋದ ಮೇಲೆ ನನಗೆ ಮಾಡಲಿಕ್ಕೆ ಇದ್ದ ಕೆಲಸ, ಲಿಫ್ಟು ಮೇಲೆ ಹೋಗುವ ಸದ್ದು ಕೇಳುವುದು, ಕೆಳಗೆ ಹೋಗುವ ಸದ್ದು ಕೇಳುವುದು. ಹೆಂಡತಿ ಊರಿನಲ್ಲಿ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು. ನಾನು ಬೆಟ್ಟಕ್ಕೆ ಹೊರಟೆ ಅಂದಾಗ ಮಗಳು ಹೆಚ್ಚು ಮಾತಾಡಲಿಲ್ಲ. "ಹೋಗುವುದು ನಿಮಗೆ ಅಭ್ಯಾಸ ಅಲ್ವಾ ಅಪ್ಪಯ್ಯ" ಅಂದಳು, ಅಷ್ಟೇ. ಚೀಲಕ್ಕೆ ಎರಡು ಹೊಸ ಬನಿಯನು ಹಾಕಿದಳು.

ಬರುವ ನವರಾತ್ರಿಗೆ ಎರಡು ವರ್ಷ. ನಾನು ಬಂದಾಗ ಬೆಟ್ಟ ಇಡೀ ಹಳದಿ ಹೂವು, ಮೊಣಕಾಲ ತನಕ. ನಾನು ಒಂದು ವಾರ ಬಾಯಿ ಬಿಟ್ಟುಕೊಂಡೇ ನೋಡಿದೆ. ಎಂಟನೇ ದಿನಕ್ಕೆ, ಇದನ್ನು ಇನ್ನೊಬ್ಬರಿಗೆ ತೋರಿಸದೆ ಎಷ್ಟು ನೋಡುವುದು ಎಂದು ಅನಿಸಿತು.

ಆಮೇಲೆ ಚಳಿ ಬಂತು. ಚಳಿ ಎಂದರೆ ಎಂತದು ಎಂದು ಅರುವತ್ತಾರನೇ ವಯಸ್ಸಿನಲ್ಲಿ ನನಗೆ ಗೊತ್ತಾಯಿತು. ಅದನ್ನು ಹೇಳಿಕೊಟ್ಟದ್ದು ಹಿಟ್ಟು. ನಾನು ಹೋಟೆಲಿನ ಹಿತ್ತಾಳೆ ಸೇರಿನಲ್ಲಿ ಅಕ್ಕಿ ಅಳೆದು, ಉದ್ದು, ಒಂದು ಹಿಡಿ ಮೆಂತೆ ಹಾಕಿ ಕಡೆದು ಇಟ್ಟರೆ, ಬೆಳಿಗ್ಗೆ ಅದು ಇಟ್ಟ ಹಾಗೇ ಇತ್ತು. ಉಬ್ಬಿಲ್ಲ, ಹುಳಿ ಬಂದಿಲ್ಲ. ಮಾರನೇ ದಿನವೂ ಇಲ್ಲ. ಕಾವಲಿಯ ಬಿಸಿಯಲ್ಲಿ ಹೋಟೆಲಿನ ಅಡುಗೆಮನೆ ಸದಾ ಬೆಚ್ಚಗೆ, ಅಲ್ಲಿ ಹಿಟ್ಟು ಉಬ್ಬುವುದು ಸೂರ್ಯ ಹುಟ್ಟಿದ ಹಾಗೆ. ಹಿಟ್ಟು ಉಬ್ಬದೆ ಇರಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಇನ್ನೊಂದು ತೊಂದರೆ ಉಂಟು, ಹೇಳಲಿಕ್ಕೆ ನಾಚಿಕೆ. ನನಗೆ ಕಡಿಮೆ ಮಾಡಲಿಕ್ಕೆ ಬರುವುದಿಲ್ಲ. ನನ್ನ ಕೈ ಐದು ಸೇರು ಅಕ್ಕಿ ಅಳೆಯದೆ ನಿಲ್ಲುವುದಿಲ್ಲ. ಅದು ಅರವತ್ತು ಮಂದಿಯ ಹಿಟ್ಟು, ಹೋಟೆಲಿನಲ್ಲಿ ಬೆಳಗಿನ ಮೊದಲ ಸರದಿ. ಒಬ್ಬನಿಗೆ ಎಂದು ಒಂದು ಕುಡ್ತೆ, ಅಂದರೆ ಬೊಗಸೆಯಷ್ಟು ಅಕ್ಕಿ ತೆಗೆದರೆ, ಯಾರೋ ಭಿಕ್ಷೆ ಹಾಕಿದ ಹಾಗೆ ಕಾಣುತ್ತಿತ್ತು. ದೊಡ್ಡ ಕಾವಲಿಯನ್ನು ಒಬ್ಬನ ದೋಸೆಗೆ ಕಾಯಿಸುವುದು ಎಂದರೆ ಎರಡು ಹೊರೆ ಸೌದೆ. ಹಾಗಾಗಿ ಅದು ಹಿಂದಿನ ಗೋಡೆಗೆ ಒರಗಿಕೊಂಡು ನಿಂತಿತು. ನಾನು ಗಂಜಿ ಉಂಡೆ. ಮಾಡಿದ ಹಿಟ್ಟು ಎಲ್ಲ ಮಾವಶಿಯ ಎಮ್ಮೆ ಕುಡಿಯಿತು. ಆ ವರ್ಷ ಅದರಷ್ಟು ಹಾಲು ವಾಡಿಯಲ್ಲಿ ಯಾವ ಎಮ್ಮೆಯೂ ಕೊಡಲಿಲ್ಲ ಎಂದು ಮಾವಶಿ ಈಗಲೂ ಹೇಳುತ್ತಾಳೆ.

ಒಂದು ದಿನ ಮಂಜು ಎಷ್ಟು ದಪ್ಪ ಇತ್ತೆಂದರೆ ಅಂಗಳದ ಮಾವಿನ ಗಿಡ ಕಾಣುತ್ತಿರಲಿಲ್ಲ. ಮೂರು ದಿನದಿಂದ ನನ್ನ ಬಾಯಿಂದ ಒಂದು ಮಾತು ಹೊರಗೆ ಬಂದಿರಲಿಲ್ಲ. ಹೊಸ್ತಿಲಲ್ಲಿ ನಿಂತು, ನನ್ನಷ್ಟಕ್ಕೆ ಗಂಟಲು ಉಂಟಾ ಇಲ್ಲವಾ ನೋಡುವ ಎಂದು, ಹೋಟೆಲಿನ ಹಾಗೆ ರಾಗ ಎಳೆದು ಕೂಗಿದೆ. ಎರಡು ಮಸಾಲೆ, ಒಂದು ಸಾದಾ, ಒಂದು ಗಟ್ಟಿ ಚಟ್ನಿ. ಮಂಜು ಎಲ್ಲವನ್ನೂ ನುಂಗಿತು. ಸ್ವಲ್ಪ ಹೊತ್ತಿನಲ್ಲಿ ಮಾವಶಿ ಏದುಸಿರು ಬಿಡುತ್ತಾ ಮೇಲೆ ಬಂದಳು. "ಅಣ್ಣಾ, ಯಾರು ಬಂದಿದ್ದಾರೆ?" ಅಂದಳು ಅವಳ ಮರಾಠಿಯಲ್ಲಿ. ಯಾರೂ ಇಲ್ಲ ಅಂದೆ. ಅವಳು ಒಳಗೆ ಬಗ್ಗಿ ನೋಡಿ, ಹೊರಗೆ ನೋಡಿ, ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿದಳು. ಕತ್ತಲಾಗುವ ತನಕ ಎದ್ದು ಹೋಗಲಿಲ್ಲ.

ನಮ್ಮ ಮನೆಯಲ್ಲಿ ಫೋನು ಹಿಡಿಯುವುದಿಲ್ಲ. ಮೇಲಿನ ದಿಣ್ಣೆಯಲ್ಲಿ ಒಂದು ಅಳಲೆ ಮರ ಉಂಟು, ಅದರ ಬುಡದಲ್ಲಿ ಮಾತ್ರ ಹಿಡಿಯುತ್ತದೆ. ದಿನಾ ಸಂಜೆ ಐದಕ್ಕೆ ನಾನು ಅಲ್ಲಿ. ಬಿಸಿಲಿಗೆ ಮುಂಡಾಸು, ಮಳೆಗೆ ಕೊಡೆ. ಮೊಮ್ಮಗಳು ಶಾಲೆಯಿಂದ ಬಂದಿರುತ್ತಾಳೆ, "ಅಜ್ಜ, ಊಟ ಆಯ್ತಾ, ಬಾಯ್" ಎನ್ನುತ್ತಾಳೆ, ಓಡಿಹೋಗುತ್ತಾಳೆ. ಆ ನಾಲ್ಕು ಮಾತಿಗೆ ನಾನು ಹೋಗುವುದು ಕಾಲು ಗಂಟೆ, ಬರುವುದು ಕಾಲು ಗಂಟೆ. ಬರುವಾಗ ಆ ನಾಲ್ಕು ಮಾತನ್ನು ತಿರುಗಿಸಿ ತಿರುಗಿಸಿ ಕೇಳಿಕೊಂಡು ಬರುತ್ತೇನೆ.

ಹೋದ ಆಷಾಢದಲ್ಲಿ ಅವರು ಮೊದಲ ಸಲ ಬೆಟ್ಟಕ್ಕೆ ಬಂದರು, ಒಂದು ಭಾನುವಾರ. ನಾನು ಎರಡು ದಿನ ಮುಂಚೆ ಹಿಟ್ಟು ಮಾಡಿ ಇಟ್ಟೆ, ಐದು ಸೇರಿನದು. ಆ ಥಂಡಿಗೆ ಅದು ಕದಲಲಿಲ್ಲ. ಜೀಪು ಕೆಳಗೆ ಬಂದ ಸದ್ದು ಕೇಳಿದಾಗ ಕಪಾಟಿಗೆ ಕೈ ಹಾಕಿದೆ. ನಲವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದೆ, ಒಂದು ಚಮಚ ಸೋಡಾ ಪುಡಿ ಹಾಕಿದೆ. ಸಾಲದು ಅನಿಸಿ ಇನ್ನೊಂದು ಹಾಕಿದೆ. ಅವರು ಬರುತ್ತಾರೆ ಎಂದು ತಂದಿಟ್ಟ ಚಿಕ್ಕ ಕಾವಲಿಯಲ್ಲಿ ದೋಸೆ ಹಳದಿ ಆಯಿತು. ಮೊಮ್ಮಗಳು ಒಂದು ಚೂರು ಬಾಯಿಗೆ ಇಟ್ಟು, ಮೆಲ್ಲ ಹೊರಗೆ ತೆಗೆದು, ತಟ್ಟೆಯ ಅಂಚಿನಲ್ಲಿ ಇಟ್ಟಳು. "ಅಜ್ಜ, ಇದು ಸಾಬೂನಿನ ದೋಸೆ" ಅಂದಳು. ಬೈದದ್ದಲ್ಲ, ನನಗೆ ಗೊತ್ತಾಗಲಿ ಎಂದು ಹೇಳಿದ್ದು. ಅವಳು ಬಿಸ್ಕೀಟು ತಿಂದಳು. ಅವರು ಮಧ್ಯಾಹ್ನವೇ ಇಳಿದು ಹೋದರು, ಘಾಟಿನಲ್ಲಿ ಮಣ್ಣು ಕುಸಿಯುತ್ತದೆ ಎಂದು. ಕೊಡೆ ಹಿಡಿದು ನಿಂತು ನೋಡಿದೆ. ಎರಡನೇ ತಿರುವಿನಲ್ಲಿ ಮಂಜು ಅವರನ್ನು ತೆಗೆದುಕೊಂಡಿತು.

ಅವತ್ತೇ ನನ್ನ ಮನಸ್ಸಿಗೆ ಹತ್ತಿದ್ದು. ಈ ಮಗು ನನ್ನ ಹತ್ತಿರ ಕೆಲವು ದಿನ ಇರಬೇಕು. ನನ್ನ ಕೈಯ ಸರಿಯಾದ ದೋಸೆ ತಿನ್ನಬೇಕು. ಬೇರೆ ಎಂತದೂ ನನಗೆ ಬೇಡ.

ಹಿಟ್ಟಿಗೆ ದಾರಿ ತೋರಿಸಿದ್ದು ಮಾವಶಿ. ಹೋದ ಚಳಿಗಾಲದಲ್ಲಿ ನನ್ನ ಗೋಳು ಕೇಳಿ ಕೇಳಿ ಸಾಕಾಗಿ, ಪಾತ್ರೆ ತಾ ಇಲ್ಲಿ ಎಂದು ಕಸಿದುಕೊಂಡು ಹೋಗಿ ಎಮ್ಮೆಯ ಕೊಟ್ಟಿಗೆಯಲ್ಲಿ ಹುಲ್ಲಿನ ನಡುವೆ ಹೂತಿಟ್ಟಳು. ಎಮ್ಮೆಯ ಉಸಿರಿಗೆ ಕೊಟ್ಟಿಗೆ ಬೆಚ್ಚಗೆ ಇರುತ್ತದೆ. ಮೊದಲ ದಿನ ಮುಚ್ಚಳ ಸಮಾ ಹಾಕದೆ ಎಮ್ಮೆ ಎಲ್ಲ ಕುಡಿಯಿತು. ಎರಡನೇ ದಿನ ಮುಚ್ಚಳದ ಮೇಲೆ ಕಲ್ಲು ಇಟ್ಟೆವು. ಬೆಳಿಗ್ಗೆ ಹೋಗಿ ತೆಗೆದರೆ ಹಿಟ್ಟು ಕಲ್ಲನ್ನು ಎತ್ತಿ ನಿಂತಿತ್ತು. ನಾನು ಕೊಟ್ಟಿಗೆಯಲ್ಲೇ ಕುಳಿತುಬಿಟ್ಟೆ. ಮೂಗಿಗೆ ಆ ಹುಳಿ ವಾಸನೆ ಬಂದಾಗ ಹೋಟೆಲಿನ ಬೆಳಗು, ಸ್ಟೀಲಿನ ಲೋಟದ ಸದ್ದು, ಎಲ್ಲ ಒಟ್ಟಿಗೆ ಬಂತು. ಮಾವಶಿಯ ಸೊಸೆ ನನ್ನನ್ನು ಕಂಡು, ಹಿಟ್ಟು ನೋಡಿ ಅಳುವ ಗಂಡಸನ್ನು ತಾನು ಇದೇ ಮೊದಲು ನೋಡಿದ್ದು ಎಂದು ನಕ್ಕಳು.

ಸಂಕ್ರಾಂತಿಗೆ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ನಾನು ಮನೆಯ ಚಿಕ್ಕ ಬಾಣಲೆಯಷ್ಟು ಕಾವಲಿಯಲ್ಲಿ ದೋಸೆ ಹೊಯ್ದೆ. ಮೊಮ್ಮಗಳು ಮೊದಲು ಮೂಸಿ ನೋಡಿದಳು. ಆಮೇಲೆ ಎರಡು ತಿಂದಳು. ಮಗಳು ತಿನ್ನಲಿಲ್ಲ, ಬೆಳಿಗ್ಗೆ ತಿಂದೇ ಹೊರಟದ್ದು ಅಂದಳು. ಮಗು ಅಂಗಳದಲ್ಲಿ ಆಡುವಾಗ ನಾನು ಧೈರ್ಯ ಮಾಡಿ, ಬೇಸಿಗೆ ರಜೆಗೆ ಅವಳನ್ನು ಇಲ್ಲಿ ಬಿಡು ಅಂದೆ.

ಮಗಳು ಎಳ್ಳಿನ ಉಂಡೆಯ ಡಬ್ಬಿ ಮುಚ್ಚಿದಳು. "ಅಪ್ಪಯ್ಯ, ಬೇಜಾರು ಮಾಡಬೇಡಿ. ಮಕ್ಕಳನ್ನು ನೋಡಿಕೊಂಡು ನಿಮಗೆ ಅಭ್ಯಾಸ ಉಂಟಾ? ನಾನು ದೊಡ್ಡವಳಾದದ್ದು ನೀವು ನೋಡಿದ್ದು ಎಲ್ಲ ಸೇರಿಸಿದರೆ ಎಷ್ಟು ಆಗಬಹುದು, ಒಂದೂವರೆ ವರ್ಷ?"

ನಾನು ಲೆಕ್ಕ ಹಾಕಲಿಲ್ಲ. ಹಾಕಿದರೆ ಅದಕ್ಕೂ ಕಡಿಮೆ ಬಂದರೆ ಎಂದು ಹೆದರಿಕೆ. ವರ್ಷಕ್ಕೆ ಒಂದು ತಿಂಗಳು ರಜೆ, ಅದರಲ್ಲಿ ಹೋಗುವುದಕ್ಕೆ ಬರುವುದಕ್ಕೆ ದಿನ ಹೋಗುತ್ತದೆ. ಉಳಿದ ದಿನ ನಾನು ಊರ ಮನೆಯಲ್ಲಿ ಮಲಗಿಯೇ ಇರುತ್ತಿದ್ದೆ. ಒಂದು ಸಲ, ಅವಳಿಗೆ ಆಗ ಏಳು ವರ್ಷ, ಅವಳ ಶಾಲೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳಂತೆ, ನನ್ನ ಅಪ್ಪಯ್ಯ ಪುಣೆಯಲ್ಲಿ ದೊಡ್ಡ ದೋಸೆ ಮಾಡುವವರು, ನಾಳೆ ನನಗೆ ಮಾಡಿಕೊಡುತ್ತಾರೆ ಎಂದು. ಬಂದು ನನ್ನ ಚಾಪೆಯ ಹತ್ತಿರ ನಿಂತು ಕೇಳಿದಳು. ನಾನು ಕಣ್ಣು ತೆರೆಯದೆ, ರಜೆಯಲ್ಲಿ ನಾನು ಕಾವಲಿ ಮುಟ್ಟುವುದಿಲ್ಲ ಅಂದೆ. ಅವಳು ಹೋದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಲಕ್ಷ ಜನರಿಗೆ ದೋಸೆ ಹೊಯ್ದ ಈ ಕೈಯಿಂದ ನನ್ನ ಮಗಳು ಒಂದೂ ತಿಂದಿರಲಿಲ್ಲ. ಸಂಕ್ರಾಂತಿಯ ದಿನ ಅವಳು ತಿಂದೇ ಹೊರಟದ್ದು ಅಂದಾಗ ಅದು ನನಗೆ ನೆನಪಾಯಿತು. ಅವಳಿಗೆ ನೆನಪು ಹೋಗಿಯೇ ಇರಲಿಲ್ಲವೋ ಏನೋ.

ಚೈತ್ರದಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಇಲ್ಲಿ ವರ್ಷವೂ ಬೀಳುತ್ತದೆ, ಯಾರು ಹಾಕುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಗೊತ್ತುಂಟು. ಎದುರಿನ ಗುಡ್ಡ ಕಪ್ಪಾಗಿ ಎರಡು ವಾರ ವಾಸನೆ ಬಂತು. ಅಳಲೆ ಮರದ ಅಡಿಯಿಂದ ಅದನ್ನು ಮಗಳಿಗೆ ಹೇಳಬಾರದಿತ್ತು, ಹೇಳಿದೆ. ಮಾತಿಗೆ ಬೇರೆ ವಿಷಯ ಇರಲಿಲ್ಲ. ಅವಳು ಸರಿ ಎಂದು ಫೋನು ಇಟ್ಟಳು. ಹೋಯಿತು, ಇನ್ನು ಬಿಡುವುದಿಲ್ಲ ಎಂದು ನಾನೂ ಆಸೆ ಬಿಟ್ಟೆ. ಆದರೆ ಏಪ್ರಿಲ್ ಕೊನೆಯಲ್ಲಿ ಅವಳಿಗೆ ಕೆಲಸದಲ್ಲಿ ರಜೆ ಸಿಗಲಿಲ್ಲ, ಮಗುವನ್ನು ನೋಡಿಕೊಳ್ಳುವ ಹೆಂಗಸು ಊರಿಗೆ ಹೋದಳು. ಮಗಳೇ ಫೋನಿನಲ್ಲಿ ಹೇಳಿದಳು, ಹನ್ನೆರಡು ದಿನ, ಮೂರು ಮಾತು ನಡೆಸಿಕೊಡಬೇಕು. ದಿನಾ ಸಂಜೆ ಐದಕ್ಕೆ ಫೋನು ಬರಬೇಕು. ಹಳ್ಳದ ಕಡೆ ಹೋಗಬಾರದು. ಮನೆಯ ಹೊರಗೆ ಬೆಂಕಿ ಹಾಕಬಾರದು.

ನಾನು ಮೂರಕ್ಕೂ ಹೂಂ ಅಂದೆ. ಮೂವತ್ತಕ್ಕೂ ಅನ್ನುತ್ತಿದ್ದೆ.

ಆ ಹನ್ನೆರಡು ದಿನ ಹೇಗೆ ಇತ್ತು ಎಂದು ಹೇಗೆ ಬರೆಯುವುದು. ಮೊಮ್ಮಗಳಿಗೆ ಆರು ವರ್ಷ, ಮುಂದಿನ ಎರಡು ಹಲ್ಲು ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೊಟ್ಟೆಯ ಮೇಲೆ ಕುಳಿತು, ಅಜ್ಜ, ಇವತ್ತು ಎಂತ ಪ್ರೋಗ್ರಾಮು ಎನ್ನುತ್ತಿದ್ದಳು. ಪ್ರೋಗ್ರಾಮು ಎಂದರೆ ಮಾವಿನ ಗಿಡಕ್ಕೆ ನೀರು, ಎಮ್ಮೆಗೆ ನಮಸ್ಕಾರ, ಕರಂಡೆ ಹಣ್ಣು ಕೊಯ್ಯುವುದು. ಇಲ್ಲಿಯವರು ಅದಕ್ಕೆ ಕರವಂದ ಎನ್ನುತ್ತಾರೆ. ತಿಂದು ಅವಳ ತುಟಿ, ಗಲ್ಲ, ಫ್ರಾಕು ಎಲ್ಲ ನೇರಳೆ. ನನ್ನ ಹಿಂದೆ ಬರುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಕನ್ನಡ, ಮರಾಠಿ, ಇಂಗ್ಲೀಷು, ಯಾವುದು ಮೊದಲು ಬಾಯಿಗೆ ಬಂತೋ ಅದು. ನಾನು ಎರಡು ವರ್ಷ ಕೇಳದ ಮಾತನ್ನೆಲ್ಲ ಹನ್ನೆರಡು ದಿನದಲ್ಲಿ ಕೇಳಿದೆ. ಗಾಳಿಗೆ ತಗಡು ಸದ್ದು ಮಾಡಿದರೆ, ಅಜ್ಜ, ಮನೆ ಕೆಮ್ಮುತ್ತಾ ಉಂಟು ಅಂದಳು. ನನಗೆ ಆ ಸದ್ದು ಎಷ್ಟು ದಿನ ಕೆಟ್ಟದಾಗಿ ಕೇಳಿಸಿತ್ತು. ಅವತ್ತಿನಿಂದ ಅದು ಕೆಮ್ಮು.

ದೋಸೆ ದಿನಾ ಆಯಿತು. ಅವಳಿಗೆ ನಾನು ಹೋಟೆಲಿನ ಹಾಗೆ ಕೂಗಲಿಕ್ಕೆ ಕಲಿಸಿದೆ. ಅವಳು ಹೊಸ್ತಿಲಲ್ಲಿ ನಿಂತು "ಒಂದು ಸಾದಾ" ಎಂದು ರಾಗ ಎಳೆದರೆ, ನಾನು ಒಳಗಿನಿಂದ "ಬಂತು ಸಾದಾ" ಎನ್ನಬೇಕು. ಅನ್ನದಿದ್ದರೆ ತಿನ್ನುವುದಿಲ್ಲ. ಅಳತೆಯನ್ನೂ ಅವಳೇ ಕಲಿಸಿದಳು. ಅವಳ ಎರಡು ಕೈ ಸೇರಿಸಿದ ಬೊಗಸೆಯಲ್ಲಿ ಮೂರು ಸಲ ಅಕ್ಕಿ, ಒಂದು ಸಲ ಉದ್ದು. ನಮ್ಮಿಬ್ಬರಿಗೆ ಸಮಾ ಆಗುತ್ತಿತ್ತು. ಐದು ಸೇರಿನ ಕೈಗೆ ಆ ಪುಟ್ಟ ಬೊಗಸೆ ಬುದ್ಧಿ ಹೇಳಿತು.

ಸಂಜೆ ಐದಕ್ಕೆ ಇಬ್ಬರೂ ಅಳಲೆ ಮರದ ಅಡಿ. ಈಗ ಈ ಕಡೆಯಿಂದ ಅವಳು ಮಾತಾಡುವುದು. ಅಮ್ಮನಿಗೆ ಅವಳು ಹೇಳುತ್ತಿದ್ದದ್ದು ಒಂದೇ, ಇಲ್ಲಿ ಎಲ್ಲ ಓಕೆ ಉಂಟು, ಬಾಯ್. ಆ ಕಡೆ ನನ್ನ ಮಗಳು ಫೋನು ಹಿಡಿದುಕೊಂಡು ಹಾಗೇ ನಿಂತಿರಬಹುದು ಎಂದು ನನಗೆ ಗೊತ್ತಾಗುತ್ತಿತ್ತು. ನಾನು ಎರಡು ವರ್ಷ ನಿಂತವನಲ್ಲವಾ. ಆಮೇಲೆ ನಾನು ಫೋನು ತೆಗೆದುಕೊಂಡು, ಮಗು ಎಷ್ಟು ದೋಸೆ ತಿಂದಿತು, ಎಷ್ಟು ಹೊತ್ತು ನಿದ್ದೆ ಮಾಡಿತು, ಎಲ್ಲಿ ಮೊಣಕಾಲು ತರಚಿತು ಎಂದೆಲ್ಲ ಬಿಡದೆ ಹೇಳುತ್ತಿದ್ದೆ. ಮಗಳು ಹೂಂ ಹೂಂ ಎನ್ನುತ್ತಿದ್ದಳು. ಅಷ್ಟು ಉದ್ದಕ್ಕೆ ನಾವಿಬ್ಬರು ಯಾವತ್ತೂ ಮಾತಾಡಿದವರಲ್ಲ.

ಕೊನೆಯ ದಿನ ಅವರು ಮಧ್ಯಾಹ್ನದ ಮೊದಲು ಬಂದು ಕರೆದುಕೊಂಡು ಹೋಗುವುದು ಎಂದಾಗಿತ್ತು. ಅದರ ಹಿಂದಿನ ದಿನ ನಾನು ಹಿಟ್ಟಿಗೆ ಹಾಕುವಾಗ ಅವಳು ಎಮ್ಮೆಗೆ ಟಾಟಾ ಹೇಳಲಿಕ್ಕೆ ಮಾವಶಿಯ ಜೊತೆ ಹೋಗಿದ್ದಳು. ಬೊಗಸೆ ಇರಲಿಲ್ಲ. ನಾಳೆ ಮಗಳು ಬರುತ್ತಾಳೆ, ಅಳಿಯ ಬರುತ್ತಾನೆ, ಮಾವಶಿಗೂ ಕೊಡಬೇಕು, ಹೀಗೆ ಎಣಿಸುತ್ತಾ ಎಣಿಸುತ್ತಾ ನಾಳೆಯಿಂದ ಯಾರೂ ಇಲ್ಲ ಎಂಬುದು ನೆನಪಾಯಿತು. ಕೈ ತನ್ನಷ್ಟಕ್ಕೆ ಹಿತ್ತಾಳೆ ಸೇರು ತೆಗೆದುಕೊಂಡಿತು. ಐದು ಸೇರು ಅಳೆದು ಮುಗಿದ ಮೇಲೆ ನನಗೆ ಎಚ್ಚರ. ನೀರಿಗೆ ಬಿದ್ದ ಅಕ್ಕಿಯನ್ನು ಎಂತ ಮಾಡುವುದು. ಕಡೆದು ಇಟ್ಟೆ. ವೈಶಾಖದ ಸೆಕೆ, ಎಮ್ಮೆಯೂ ಬೇಡ, ಕೊಟ್ಟಿಗೆಯೂ ಬೇಡ. ಬೆಳಿಗ್ಗೆ ನೋಡಿದರೆ ಎರಡು ಪಾತ್ರೆಯಿಂದಲೂ ಹಿಟ್ಟು ಹೊರಗೆ ಬಂದು ನೆಲದ ಮೇಲೆ ಹರಿಯುತ್ತಾ ಇತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನಕ್ಕೆ ಅದು ಹುಳಿ ಬಂದು ಯಾರಿಗೂ ಬೇಡವಾಗುತ್ತದೆ. ಅಷ್ಟು ಹಿಟ್ಟಿಗೆ ಚಿಕ್ಕ ಕಾವಲಿ ಸಾಲದು. ದೊಡ್ಡದು ಒಳಗೆ ಹಿಡಿಯುವುದಿಲ್ಲ. ಅವಳು ಹನ್ನೆರಡು ದಿನದಿಂದ ಗೋಡೆಗೆ ಒರಗಿದ ಅದನ್ನು ತಟ್ಟಿ ತಟ್ಟಿ, ಇದು ಯಾವಾಗ, ಇದು ಯಾವಾಗ ಎಂದು ಕೇಳುತ್ತಲೂ ಇದ್ದಳು. ಮಗಳಿಗೆ ಕೊಟ್ಟ ಮೂರನೇ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ. ಅಂಗಳದ ಹುಲ್ಲು ಕೆತ್ತಿ ಬರೇ ಮಣ್ಣು ಮಾಡಿದೆ, ಸುತ್ತ ನೀರು ಚೆಲ್ಲಿದೆ, ನಾಲ್ಕು ಕೊಡ ತುಂಬಿಸಿ ಇಟ್ಟೆ. ಮಾವಶಿಯೂ ಸೊಸೆಯೂ ಬಂದು ಕೈ ಕೊಟ್ಟು, ಕಾವಲಿಯನ್ನು ಕಲ್ಲಿನ ಮೇಲೆ ಮಲಗಿಸಿದೆವು. ಬೆಂಕಿ ಹಾಕಿದೆ.

ಎರಡು ವರ್ಷದ ತುಕ್ಕು ಸುಡುವಾಗ ಹೊಗೆ ಎಂದರೆ ಹೊಗೆ. ಈರುಳ್ಳಿ ಕತ್ತರಿಸಿ ಎಣ್ಣೆ ಹಚ್ಚಿ ಉಜ್ಜಿದೆ, ತೆಂಗಿನ ಕಡ್ಡಿಯ ಹಿಡಿಸೂಡಿಯಲ್ಲಿ ನೀರು ಚಿಮುಕಿಸಿದೆ, ಚುಂಯ್ ಅಂದಿತು. ಆ ಸದ್ದಿಗೆ ನನ್ನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಮೊದಲ ದೋಸೆ ಹರಿಯಿತು, ಎರಡನೆಯದು ಹರಿಯಿತು, ಮೂರನೆಯದು ಎದ್ದು ಬಂತು. ಒಂದು ಸಾಲಿಗೆ ಎಂಟು ದೋಸೆ. ಮೊಮ್ಮಗಳು ದೂರದಲ್ಲಿ ಮಗುಚಿದ ಡಬ್ಬದ ಮೇಲೆ ನಿಂತು ಕೂಗುವುದು, ನಾನು ಹೊಯ್ಯುವುದು, ಸೊಸೆ ಬುಟ್ಟಿಯಲ್ಲಿ ಹಾಕಿಕೊಂಡು ವಾಡಿಯ ಮನೆಮನೆಗೆ ಕೊಟ್ಟು ಬರುವುದು.

ಆಗ ಮಗಳು ಏರು ಹತ್ತಿ ಓಡಿ ಬಂದಳು.

ಕೆಳಗಿನ ತಿರುವಿನಿಂದಲೇ ಅವಳಿಗೆ ಹೊಗೆ ಕಂಡಿತ್ತು. ಅಳಿಯ ಕಾರು ನಿಲ್ಲಿಸುವಷ್ಟೂ ಕಾಯದೆ ಇಳಿದು ಓಡಿದ್ದಾಳೆ. ಅರ್ಧ ಗಂಟೆಯ ದಾರಿ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಬಂದು, ಅಂಗಳದ ಅಂಚಿನಲ್ಲಿ ನಿಂತು, ಮೊದಲು ಮಗುವನ್ನು ನೋಡಿದಳು. ಆಮೇಲೆ ಬೆಂಕಿ ನೋಡಿದಳು. ಆಮೇಲೆ ನನ್ನನ್ನು. ನನ್ನ ಕೈಯಲ್ಲಿ ಸಟ್ಟುಗ ಹಾಗೇ ನಿಂತಿತು. ಮುಗಿಯಿತು ಎಂದು ನನಗೆ ಗೊತ್ತಾಯಿತು. ಹನ್ನೆರಡು ದಿನ ಕಟ್ಟಿದ್ದನ್ನು ಹದಿಮೂರನೇ ದಿನ ನಾನೇ ಒಲೆಗೆ ಹಾಕಿದ್ದೆ. ಕೊಟ್ಟ ಮಾತು ತಪ್ಪಿದೆ ಮಗಾ ಎಂದು ಹೇಳಬೇಕಿತ್ತು. ಕಾವಲಿಯ ಮೇಲೆ ಎಂಟು ದೋಸೆ ಕರಿ ಹಿಡಿಯುವ ವಾಸನೆ.

ಮೊಮ್ಮಗಳಿಗೆ ಇದೆಲ್ಲ ಎಲ್ಲಿ ಗೊತ್ತು. ಡಬ್ಬದ ಮೇಲಿನಿಂದ ಕೂಗಿದಳು, "ಒಂದು ಸಾದಾ, ಅಮ್ಮನಿಗೆ."

ನಾನು ಹೇಳಬೇಕಾದ್ದು ಹೇಳಲಿಲ್ಲ. ಬಾಯಿ ಹೇಳಿತು, "ಬಂತು ಸಾದಾ." ಕರಿದಾದ ಎಂಟನ್ನೂ ಕೆರೆದು ತೆಗೆದೆ. ನೀರು ಚಿಮುಕಿಸಿದೆ. ಒಂದೇ ಹೊಯ್ದೆ, ನಡುವಿನಲ್ಲಿ, ಕಾವು ಸಮಾ ಇರುವ ಕಡೆ. ಬಟ್ಟಲಿನ ಬೆನ್ನಿನಲ್ಲಿ ಸುತ್ತ ಎಳೆದೆ. ಅಂಚು ಎದ್ದಿತು, ಕೆಂಪಾಯಿತು. ಮಡಚಿ ತಟ್ಟೆಯಲ್ಲಿ ಇಟ್ಟು, ಚಟ್ನಿ ಹಾಕಿ, ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದೆ.

ಅವಳು ತಟ್ಟೆ ತೆಗೆದುಕೊಂಡಳು. ಮಾವಶಿ ಅವಳ ಹೆಗಲು ಒತ್ತಿ ಜಗಲಿಯಲ್ಲಿ ಕೂರಿಸಿದಳು. ಮಗಳು ಒಂದು ಚೂರು ಮುರಿದು ಬಾಯಿಗೆ ಇಟ್ಟಳು. ಅಗಿಯುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ಆರ್ಡರು ಕೊಟ್ಟು ಮೂವತ್ತು ವರ್ಷ ಆಯಿತು ಅಪ್ಪಯ್ಯ."

"ಹೌದು ಮಗಾ," ಅಂದೆ. "ಗಿರಾಕಿ ಎದ್ದು ಹೋಗಲಿಲ್ಲ, ಅದು ನನ್ನ ಪುಣ್ಯ."

ಅವಳು ನಕ್ಕಳೋ ಅತ್ತಳೋ, ಹೊಗೆಯಲ್ಲಿ ನನಗೆ ಸರಿ ಕಾಣಲಿಲ್ಲ. ತಟ್ಟೆ ಖಾಲಿ ಮಾಡಿ ಮುಂದಕ್ಕೆ ಚಾಚಿದಳು. "ಇನ್ನೊಂದು ಹಾಕಿ. ಈ ಸಲ ಸ್ವಲ್ಪ ಗರಿ ಇರಲಿ." ಒಟ್ಟು ಐದು ತಿಂದಳು, ನಾನು ಎಣಿಸಿದ್ದೇನೆ. ಆಮೇಲೆ ಬಂದ ಅಳಿಯ, ಒಂದು ಕೈಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಆರು ತಿಂದ.

ಕೈ ತೊಳೆಯುವಾಗ ಮಗಳು ಬೆಂಕಿಯ ಮಾತು ಎತ್ತಿದಳು. ಮೂರು ಮಾತಿನಲ್ಲಿ ಒಂದು ತಪ್ಪಿದಿರಿ ಎಂದು ಹೇಳಿಯೇ ಹೇಳಿದಳು, ಬಿಡಲಿಲ್ಲ. ನಾನು ತಲೆ ತಗ್ಗಿಸಿ ಕೇಳಿದೆ. ಕೊಡದಲ್ಲಿ ಉಳಿದ ನೀರು ಎತ್ತಿ ಅವಳೇ ಒಲೆಗೆ ಸುರಿದಳು, ಕೊನೆಯ ಕೆಂಡ ಆರುವ ತನಕ. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದಳು, "ದೀಪಾವಳಿಗೆ ಇವಳಿಗೆ ಇಪ್ಪತ್ತು ದಿನ ರಜೆ. ಆಗ ಹುಲ್ಲು ಹಸಿ ಇರುತ್ತದೆ ಅಲ್ವಾ?"

ಹಸಿ ಇರುತ್ತದೆ ಅಂದೆ. ಎಷ್ಟು ಸಲ ಅಂದೆನೋ, ಅಳಿಯ ನಗಲಿಕ್ಕೆ ಶುರು ಮಾಡಿದ.

ಅವರು ಇಳಿದು ಹೋದರು. ಮೊಮ್ಮಗಳು ಪ್ರತಿ ತಿರುವಿನಲ್ಲೂ ನಿಂತು ಕೂಗಿದಳು, ನಾನು ಮೇಲಿನಿಂದ ಬಂತು ಬಂತು ಎಂದೆ. ಮೂರನೇ ತಿರುವಿನ ನಂತರ ನನ್ನ ಕೂಗು ಮಾತ್ರ ಉಳಿಯಿತು. ಮನೆಗೆ ಬಂದು ಕಾವಲಿ ತೊಳೆದು ಎಣ್ಣೆ ಹಚ್ಚಿದೆ. ಈ ಸಲ ಗೋಡೆಗೆ ಒರಗಿಸಲಿಲ್ಲ, ಮಾವಶಿಯನ್ನೂ ಸೊಸೆಯನ್ನೂ ಕರೆದು, ತಗಡಿನ ಅಡಿ ಮಳೆ ಬೀಳದ ಜಾಗದಲ್ಲಿ ಮಲಗಿಸಿದೆವು. ಅವಳು ಮಲಗುತ್ತಿದ್ದ ಚಾಪೆ ಸುತ್ತಲು ಹೋದೆ, ಸುತ್ತಲಿಲ್ಲ. ಒಂದು ವಾರ ಹಾಗೇ ಇತ್ತು. ಮಾವಶಿ ಬಂದು ಸುತ್ತಿಟ್ಟಳು.

ಈಗ ಮಳೆ. ಬೆಟ್ಟ ಐದೇ ದಿನದಲ್ಲಿ ಕಪ್ಪಿನಿಂದ ಹಸಿರಾಯಿತು, ಸುಟ್ಟದ್ದು ಎಲ್ಲಿ ಎಂದು ಹುಡುಕಬೇಕು. ನಿನ್ನೆ ಸಂಜೆ ಕೊಡೆ ಹಿಡಿದು ಅಳಲೆ ಮರದ ಅಡಿ ನಿಂತಾಗ ಮೊಮ್ಮಗಳು ಈ ಸಲ ಬಾಯ್ ಎನ್ನುವ ಮೊದಲು ಒಂದು ಮಾತು ಹೆಚ್ಚು ಕೇಳಿದಳು, ಅಜ್ಜ, ಹಿಟ್ಟು ಉಬ್ಬಿತಾ? ಇಲ್ಲ ಮಗಾ, ಥಂಡಿ ಅಂದೆ. ಎಮ್ಮೆ ಹತ್ತಿರ ಇಡು ಅಂದಳು.

ಬೆಳಿಗ್ಗೆ ಅಕ್ಕಿ ತೆಗೆಯುವಾಗ ನನ್ನ ಕೈಯಲ್ಲಿ ಅವಳ ಬೊಗಸೆಯ ಅಳತೆ ಹುಡುಕಿದೆ. ಮೂರು ಸಲ ಅಕ್ಕಿ, ಒಂದು ಸಲ ಉದ್ದು, ಇಬ್ಬರ ಲೆಕ್ಕ. ಒಬ್ಬನಿಗೆ ಸ್ವಲ್ಪ ಹೆಚ್ಚೇ. ಇರಲಿ ಎಂದು ಹಾಗೇ ಹಾಕಿದ್ದೇನೆ. ಮಳೆ ಒಂದು ಗಳಿಗೆ ನಿಂತರೆ ಪಾತ್ರೆ ತೆಗೆದುಕೊಂಡು ಕೊಟ್ಟಿಗೆಗೆ ಇಳಿಯಬೇಕು. ಮುಚ್ಚಳಕ್ಕೆ ಕಲ್ಲು ಮರೆಯಬಾರದು.